ನನ್ನನ್ನು ಕೊಂಡವರು

ಮೇಷ್ಟರಾದವರಿಗೆ "ನನಗೆ ಗೊತ್ತಿಲ್ಲ" ಎಂದು ಹೇಳುವುದು ಬಹಳ ಕಷ್ಟದ ಕೆಲಸ. ಅದನ್ನು ಹೇಳದೆ ತಪ್ಪಿಸಿಕೊಳ್ಳಲು ನಮ್ಮ ಕಸುಬಿನಲ್ಲಿ ಕೆಲವು ಉಪಾಯಗಳಿವೆ. "ನಾಳೆ ಹೇಳ್ತೀನಿ, ನೆನಪು ಮಾಡು" ಎಂಬುದು ಒಂದು. ನಾಳೆ ಯಾರೂ ನೆನಪು ಮಾಡುವುದಿಲ್ಲವೆಂಬ ಧೈರ್ಯ ನಮಗಿರುತ್ತದೆ. "ಅದು ಪರೀಕ್ಷೆಗೆ ಬರೋದಿಲ್ಲ" ಎಂಬುದು ಇನ್ನೊಂದು. "ನೀನೇ ಹುಡುಕಿಕೊಂಡು ಬಾ, ಆಗ ತಲೆಯಲ್ಲಿ ಉಳಿಯುತ್ತೆ" ಎಂಬುದು ಕೊನೆಯದು. ಇದನ್ನು ಕೊಂಚ ಗಂಭೀರವಾಗಿ ಹೇಳಿದರೆ ಇನ್‌ಸ್ಪೆಕ್ಟರು ಕೂಡ ತಲೆದೂಗುತ್ತಾರೆ. ಕೊಟ್ಟೂರಿನ ಒಂದು ಹೈಸ್ಕೂಲಿನಲ್ಲಿ ಹನ್ನೆರಡು ವರ್ಷ ಇಂಗ್ಲಿಷ್ ಕಲಿಸಿದ ನಾನು ಇವನ್ನು ಸರದಿಯ ಪ್ರಕಾರ ಬಳಸಿ ಮಾನ ಉಳಿಸಿಕೊಂಡು ಬಂದಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಒಂಬತ್ತನೆಯ ತರಗತಿಯ ರೇಣುಕಾ ಎಂಬ ಹುಡುಗಿ ಎಲ್ಲ ಉಪಾಯಗಳನ್ನೂ ಒಂದೇ ವಾರದಲ್ಲಿ ಖರ್ಚು ಮಾಡಿಸಿಬಿಟ್ಟಳು.

ಅಂದು ನಾನು ಕ್ರಿಯಾಪದಗಳ ಪಟ್ಟಿ ಬಾಯಿಪಾಠ ಮಾಡಿಸುತ್ತಿದ್ದೆ. "ಬೈ, ಬಾಟ್, ಬಾಟ್" ಎಂದು ಅರವತ್ತು ಮಕ್ಕಳು ಒಕ್ಕೊರಲಿನಿಂದ ಕೂಗುತ್ತಿದ್ದರು. "ಬೈ" ಎಂದೊಡನೆ ಹಿಂದಿನ ಬೆಂಚಿನವರು ಒಬ್ಬರನ್ನೊಬ್ಬರು ತಿವಿದು ನಗುವುದು ಪ್ರತಿವರ್ಷದ ಮಾಮೂಲು. ಆ ಹಳಸಿದ ನಗೆಯನ್ನು ಇಲ್ಲಿ ಮತ್ತೆ ಬಿಸಿ ಮಾಡುವುದು ಬೇಡ. ಬೈ ಅಂದರೆ ಕೊಳ್ಳುವುದು, ಬೆಲೆ ಕೊಟ್ಟು ತೆಗೆದುಕೊಳ್ಳುವುದು ಎಂದು ಅರ್ಥ ಹೇಳಿ ಮುಂದಿನ ಪದಕ್ಕೆ ಹೋಗುವುದರಲ್ಲಿದ್ದೆ. ರೇಣುಕಾ ಎದ್ದು ನಿಂತಳು. ಕೂಡ್ಲಿಗಿ ಕಡೆಯ ಹಳ್ಳಿಯೊಂದರಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ, ಎರಡು ಜಡೆ ಬಿಗಿಯಾಗಿ ಹೆಣೆದುಕೊಂಡ ಹುಡುಗಿ. "ಸರ, ನಮ್ಮ ಮನ್ಯಾಗ ಯಾರೂ ಏನೂ ಕೊಳ್ಳಂಗಿಲ್ರಿ" ಎಂದಳು. ತರಗತಿ ನಕ್ಕಿತು. ಅವಳು ನಗಲಿಲ್ಲ. "ಖರೇರಿ ಸರ. ಸಂತಿಯಿಂದ ಕಾಯಿಪಲ್ಲೆ ತರ್ತಾರ. ಬಟ್ಟಿ ತಗಿತಾರ. ಬಳಿ ಇಡಿಸ್ಕಂತಾರ. ಬಂಗಾರ ಮಾಡಿಸ್ತಾರ. ಎತ್ತು ಹಿಡಕಂಡು ಬರ್ತಾರ. ಕೊಂಡೆ ಅಂತ ಯಾರೂ ಅನ್ನಂಗಿಲ್ಲ. ಇಂಗ್ಲೀಷ್‌ನ್ಯಾಗ ಮಾತ್ರ ಎಲ್ಲಾದಕ್ಕೂ ಬೈ ಯಾಕ ಬಂತ್ರಿ? ಆ ಮಾತು ಎಲ್ಲಿಂದ ಬಂತು?"

ನಿಜ ಹೇಳಬೇಕೆಂದರೆ ಅದುವರೆಗೆ ನಾನೂ ಇದನ್ನು ಗಮನಿಸಿರಲಿಲ್ಲ. ಅವಳು ಹೇಳಿದ್ದು ಅಕ್ಷರಶಃ ಸರಿ. ನಮ್ಮ ಸೀಮೆಯಲ್ಲಿ ಹೊಲವನ್ನು ಕೂಡ ಯಾರೂ ಕೊಳ್ಳುವುದಿಲ್ಲ, "ಹೊಲ ಮಾಡಿದ" ಎನ್ನುತ್ತಾರೆ, ಏನೋ ಅಡುಗೆ ಮಾಡಿದ ಹಾಗೆ. ದೀಪ ಹಚ್ಚುವ ಹೊತ್ತಿನಲ್ಲಿ ಉಪ್ಪನ್ನು ಉಪ್ಪು ಎಂದು ಕೇಳುವುದೇ ಇಲ್ಲ, "ರುಚಿ ಕೊಡ್ರಿ" ಎನ್ನುತ್ತಾರೆ. ನನ್ನ ಹೆಂಡತಿ ಸರೋಜ ಕುಂಕುಮ ಮುಗಿದಿದೆ ಎನ್ನುವುದಿಲ್ಲ, ಹೆಚ್ಚಾಗಿದೆ ಎನ್ನುತ್ತಾಳೆ. ಮದುವೆಯಾದ ಹೊಸತರಲ್ಲಿ ನಾನು ಅದನ್ನು ನಂಬಿ ತರದೆ ಬಂದು ಒಂದು ದಿನವಿಡೀ ಅವಳ ಮಾತು ಕಳೆದುಕೊಂಡಿದ್ದೆ. ಕೊಳ್ಳುವುದು ಎಂಬ ಮಾತು ನಮಗೆ ಪುಸ್ತಕದಲ್ಲಿ ಮಾತ್ರ ಬೇಕು. ಬಾಯಲ್ಲಿ ಹೇಳುವಾಗ ಏನೋ ಒಂದು ಸಂಕೋಚ. ವಸ್ತು ತಾನಾಗಿ ಮನೆಗೆ ಬಂತು, ನಾವು ಬಾಗಿಲು ತೆರೆದೆವು, ಅಷ್ಟೇ ಎಂಬಂತೆ ನಡೆದುಕೊಳ್ಳುತ್ತೇವೆ. ಇಷ್ಟೆಲ್ಲ ಹೊಳೆದದ್ದು ಆಮೇಲೆ. ತರಗತಿಯಲ್ಲಿ ನಾನು ಹೇಳಿದ್ದು, "ನಾಳೆ ಹೇಳ್ತೀನಿ, ನೆನಪು ಮಾಡು."

ರೇಣುಕಾ ಮರುದಿನ ನೆನಪು ಮಾಡಿದಳು. ಅದರ ಮರುದಿನವೂ ಮಾಡಿದಳು. ಪರೀಕ್ಷೆಗೆ ಬರೋದಿಲ್ಲ ಎಂದೆ. "ಬರದಿದ್ರೂ ಪರವಾಗಿಲ್ಲ, ಹೇಳ್ರಿ ಸರ" ಎಂದಳು. ನೀನೇ ಹುಡುಕಿಕೊಂಡು ಬಾ ಎಂದೆ, "ಎಲ್ಲಿ ಹುಡುಕಲ್ರಿ? ನಮ್ಮ ಮನ್ಯಾಗ ಇರೋದು ಪಂಚಾಂಗ ಒಂದ" ಎಂದಳು. ಹೀಗಾಗಿ ಶನಿವಾರ ಬೆಳಗಿನ ಶಾಲೆ ಮುಗಿದ ಕೂಡಲೇ ನಾನು ಹರಪನಹಳ್ಳಿಯ ಬಸ್ಸು ಹತ್ತಿದೆ. ಅಲ್ಲಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ಇಂಗ್ಲಿಷ್ ಮಾತುಗಳ ಹುಟ್ಟು, ವಂಶಾವಳಿಯನ್ನೆಲ್ಲ ಹೇಳುವ ದೊಡ್ಡ ನಿಘಂಟು ಇದೆಯೆಂದು ಕೇಳಿದ್ದೆ. ಲೈಬ್ರರಿಯನ್ ಅದನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮೇಜಿನ ಮೇಲೆ ಇಟ್ಟರು. ಧೂಳು ಎದ್ದಿತು. "ತಗಳ್ಳಿ ಸಾರ್. ಇದನ್ನ ತಂದಾಗಿಂದ ಯಾರೂ ಬಿಚ್ಚಿಲ್ಲ. ಕಿಟಕಿ ಬಡ್ಕಳ್ದಂಗೆ ಒತ್ತಿಗೆ ಇಟ್ಟಿದ್ವಿ" ಎಂದರು.

ನಾನು ಆ ಮಧ್ಯಾಹ್ನವೆಲ್ಲ ಅಲ್ಲಿ ಕುಳಿತೆ. ದೊಡ್ಡ ಪುಸ್ತಕದ ಮುಂದೆ ಕುಳಿತವನಿಗೆ ಹೋದ ಕೆಲಸವೊಂದನ್ನೇ ಮಾಡಿ ಎದ್ದು ಬರಲು ಆಗುವುದಿಲ್ಲ. ಮೊದಲು ಪಕ್ಕದ ಮನೆಯವರನ್ನು ವಿಚಾರಿಸೋಣವೆಂದು "ಪರ್ಚೇಸ್" ನೋಡಿದೆ. ಅದರ ಮೂಲದಲ್ಲಿ ಬೆನ್ನಟ್ಟುವುದು, ಬೇಟೆಯಾಡುವುದು ಎಂಬ ಅರ್ಥವಿದೆಯಂತೆ. ಇದು ನನಗೆ ತಕ್ಷಣ ಒಪ್ಪಿಗೆಯಾಯಿತು. ಸರೋಜ ಗುರುವಾರದ ಸಂತೆಯಲ್ಲಿ ಒಳ್ಳೆಯ ಬೆಳ್ಳುಳ್ಳಿಯ ಹಿಂದೆ ಬಿದ್ದು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುವುದನ್ನೂ, ಚೀಲ ಹಿಡಿದುಕೊಂಡು ನಾನು ಅವಳ ಹಿಂದೆ ಓಡುವುದನ್ನೂ ಕಂಡವರು ಯಾರೇ ಆದರೂ ಒಪ್ಪುತ್ತಾರೆ. ಆಮೇಲೆ "ಬೈ"ಗೆ ಬಂದೆ. ಬಹಳ ಹಳೆಯ ಮಾತು. ಅಕ್ಕಪಕ್ಕದ ಹಳೆಯ ಭಾಷೆಗಳಲ್ಲಿ ಅದಕ್ಕೆ ಒಬ್ಬಿಬ್ಬರು ಅಣ್ಣತಮ್ಮಂದಿರಿದ್ದಾರೆ. ಅದರಾಚೆಗೆ ಅದರ ತಂದೆತಾಯಿ ಯಾರು, ಎಲ್ಲಿಂದ ಬಂತು ಎಂಬುದು ಗೊತ್ತಿಲ್ಲ ಎಂದು ಆ ಪುಸ್ತಕ ಯಾವ ನಾಚಿಕೆಯೂ ಇಲ್ಲದೆ ಒಪ್ಪಿಕೊಂಡಿತ್ತು. ಅಷ್ಟು ದಪ್ಪ ಪುಸ್ತಕಕ್ಕೆ ಬಂದ ಧೈರ್ಯ ನನಗೆ ಹನ್ನೆರಡು ವರ್ಷದಲ್ಲಿ ಬಂದಿರಲಿಲ್ಲ. ಅದರ ಕೆಳಗೇ ಹಳೆಯ ಕಾಲದ ಇನ್ನೊಂದು ಅರ್ಥ ಕೊಟ್ಟಿತ್ತು: ಬೇರೆಯವರ ವಶದಲ್ಲಿರುವ ಮನುಷ್ಯನನ್ನು ಬೆಲೆ ಕೊಟ್ಟು ಬಿಡಿಸಿಕೊಂಡು ಬರುವುದು.

ಅದನ್ನು ಓದಿ ನಾನು ಪುಸ್ತಕ ಮುಚ್ಚಿದೆ. ನನಗೆ ನಗು ಬಂತು, ಅದರ ಹಿಂದೆಯೇ ಒಂದು ತರಹದ ಸಂಕಟವೂ ಬಂತು. ಕಾರಣ ಹೇಳುತ್ತೇನೆ. ನಾನೇ ಒಬ್ಬರು ಕೊಂಡ ಸಾಮಾನು. ಇನ್ನೂ ಬಿಡಿಸಿಕೊಳ್ಳದೆ ಉಳಿದ ಸಾಮಾನು.

ನಾನು ಹುಟ್ಟಿದ್ದು ಹಂಪಸಾಗರದಲ್ಲಿ. ನನಗಿಂತ ಮೊದಲು ಹುಟ್ಟಿದ ಮೂರು ಕೂಸುಗಳು ತೊಟ್ಟಿಲಿನಿಂದ ಕೆಳಗಿಳಿಯಲಿಲ್ಲ. ಹೀಗಾದ ಮನೆಯಲ್ಲಿ ಹುಟ್ಟಿದ ಕೂಸನ್ನು ಉಳಿಸಿಕೊಳ್ಳಲು ನಮ್ಮ ಕಡೆ ಒಂದು ಪದ್ಧತಿಯಿದೆ. ಕೂಸನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಇಡುತ್ತಾರೆ, ಇದು ಯಾರಿಗೂ ಬೇಡವಾದದ್ದು ಎನ್ನುವ ಹಾಗೆ. ಮೊದಲೇ ಮಾತಾಡಿಕೊಂಡ ಒಬ್ಬ ಹೆಂಗಸು ಆ ದಾರಿಯಲ್ಲಿ ಏನೂ ಅರಿಯದವಳಂತೆ ಬರುತ್ತಾಳೆ. "ಈ ಕೂಸು ಮಾರೋದೈತೇನು?" ಎಂದು ಕೇಳಿ, ಕಾಳೋ ತೌಡೋ ಕೊಟ್ಟು ಕೊಂಡುಕೊಳ್ಳುತ್ತಾಳೆ. ಸಾಕುವುದು ಹೆತ್ತವಳೇ. ಆದರೆ ಕೂಸು ಕೊಂಡವಳದು. ಸಾವು ಹುಡುಕಿಕೊಂಡು ಬಂದರೆ ಈ ಮನೆಯಲ್ಲಿ ಮಗನೇ ಇಲ್ಲವಲ್ಲ ಎಂದು ಹಿಂದಿರುಗಬೇಕು, ಅದು ಲೆಕ್ಕಾಚಾರ. ನನ್ನನ್ನು ಕೊಂಡವಳು ಹಿಂದಿನ ಓಣಿಯ ಹಾಲವ್ವ. ಆಕೆಗೆ ಮಕ್ಕಳಿರಲಿಲ್ಲ. ಕೊಟ್ಟ ಬೆಲೆ ಒಂದು ಮೊರ ನವಣೆ. ಹೆಸರಿಡುವಾಗ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ತಿಪ್ಪೆಯ ಮೇಲೆ ಸಿಕ್ಕವನು ತಿಪ್ಪೇಶನಾದ.

ಈ ವ್ಯಾಪಾರಕ್ಕೆ ಎರಡು ನಿಯಮಗಳಿವೆ. ಐದು ವರ್ಷ ತುಂಬಿದ ಮೇಲೆ ಹೆತ್ತವಳು ಅದೇ ಕಾಳು ತಿರುಗಿ ಕೊಟ್ಟು ಕೂಸನ್ನು ಬಿಡಿಸಿಕೊಳ್ಳಬೇಕು. ಅಲ್ಲಿಯ ತನಕ ಅವಳು ಅದನ್ನು ಮಗ ಎಂದು ಬಾಯಿಬಿಟ್ಟು ಕರೆಯಬಾರದು. ನಮ್ಮ ಮನೆಯಲ್ಲಿ ಎರಡನೆಯ ನಿಯಮವನ್ನು ತಪ್ಪದೆ ಪಾಲಿಸಿ ಮೊದಲನೆಯದನ್ನು ಮರೆತರು. ನನಗೆ ಐದು ತುಂಬಿದ ವರ್ಷ ಹಾಲವ್ವನ ಗಂಡ ತೀರಿಕೊಂಡ. ಆ ದುಃಖದಲ್ಲಿ ಕೂಸನ್ನೂ ಕೇಳುವುದು ಹೇಗೆಂದು ಅಪ್ಪ ಸುಮ್ಮನಾದ. ಅಷ್ಟರಲ್ಲಿ ಆಕೆ ಹೂವಿನಹಡಗಲಿಗೆ, ಮಲ್ಲಿಗೆ ತೋಟ ಮಾಡುತ್ತಿದ್ದ ತಮ್ಮನ ಮನೆಗೆ ಹೋದಳು. ಸುಗ್ಗಿ ಮುಗಿಯಲಿ ಎಂದ ಅಪ್ಪ, ಆಮೇಲೆ ಮಳೆ ಹಿಡಿಯಲಿ ಎಂದ. ಹೀಗೆ ಹಲವು ಸುಗ್ಗಿ ಮುಗಿದು ಮಳೆ ಹಿಡಿದು ಕೊನೆಗೊಂದು ದಿನ ಅಪ್ಪನೂ ಹೋದ. ನನ್ನ ಮದುವೆಯಲ್ಲಾದರೂ ಬಿಡಿಸಿಕೊಳ್ಳಬಹುದಿತ್ತು. ಆದರೆ ಹಾಲವ್ವ ಒಂದು ಬುಟ್ಟಿ ಮಲ್ಲಿಗೆ ಹೊತ್ತುಕೊಂಡು ಬಂದು, ಚಪ್ಪರದ ಬಾಗಿಲಲ್ಲಿ ನಿಂತು, ಬೀಗರನ್ನೆಲ್ಲ "ನಮ್ಮ ಹುಡುಗನ ಮದಿವಿ, ಉಂಡು ಹೋಗ್ರಿ" ಎಂದು ಎಷ್ಟು ಸಂಭ್ರಮದಿಂದ ಮಾತಾಡಿಸುತ್ತಿದ್ದಳೆಂದರೆ, ಅವ್ವ ಆ ಮಾತನ್ನು ಎತ್ತಲೇ ಇಲ್ಲ.

ಅವ್ವ ನನ್ನನ್ನು ಕರೆಯುತ್ತಿದ್ದದ್ದು "ಹಾಲವ್ವನ ಹುಡುಗ" ಎಂದು. ಹಾಲವ್ವನ ಹುಡುಗಾ, ಉಣ್ಣಾಕ ಬಾ. ಹಾಲವ್ವನ ಹುಡುಗಾ, ಹೊಳಿ ಕಡಿ ಹೋಗಬ್ಯಾಡ. ನಾನು ಎಸ್ಸೆಸ್ಸೆಲ್ಸಿ ಪಾಸಾದ ಸುದ್ದಿ ಬಂದ ದಿನ ಅವಳು ಓಣಿಯ ತುಂಬ ಸಕ್ಕರೆ ಹಂಚಿದಳು. ಹಂಚುವಾಗ ಹೇಳಿದ್ದು "ಹಾಲವ್ವನ ಹುಡುಗ ಪಾಸಾಗ್ಯಾನ" ಎಂದೇ. ಓಣಿಯವರಿಗೆ ಇದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು. ಪಕ್ಕದ ಮನೆಯ ಹುಡುಗರನ್ನು ಅವರ ತಾಯಂದಿರು "ಮಗನ, ಎಲ್ಲಿ ಸತ್ತಿದ್ದಿ?" ಎಂದು ಹೊಡೆಯಲು ಓಡಿಸಿಕೊಂಡು ಹೋಗುವಾಗ ನಾನು ಕಟ್ಟೆಯ ಮೇಲೆ ಕುಳಿತು ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಅವ್ವ ನನಗೆ ಮೊದಲ ರೊಟ್ಟಿ ಕೊಡುತ್ತಿದ್ದಳು, ಜ್ವರ ಬಂದರೆ ರಾತ್ರಿ ಹಗಲು ಕೂತಿರುತ್ತಿದ್ದಳು. ಆ ಒಂದು ಮಾತು ಮಾತ್ರ ಕೊಡಲಿಲ್ಲ. ದೊಡ್ಡವನಾದ ಮೇಲೆ ಅದು ಅವಳಿಗೆ ಬಿದ್ದ ರೂಢಿ ಎಂದುಕೊಂಡು ಬಿಟ್ಟುಬಿಟ್ಟೆ. ಬಿಟ್ಟೆನೆಂದು ಹೇಳಿಕೊಂಡೆ ಎನ್ನುವುದು ಹೆಚ್ಚು ಸರಿ.

ಲೈಬ್ರರಿಯಿಂದ ಬಂದ ಮರುದಿನ ಭಾನುವಾರ. ಮಧ್ಯಾಹ್ನ ಊಟಕ್ಕೆ ಕುಳಿತಾಗ ನನ್ನ ಸಂಶೋಧನೆಯನ್ನು ಯಾರಿಗಾದರೂ ಹೇಳದೆ ಇರಲಾರದೆ ಅವ್ವನಿಗೂ ಸರೋಜಳಿಗೂ ಹೇಳಿದೆ. ಬೇರೆಯವರ ಕಡೆ ಇರುವ ಮನುಷ್ಯನನ್ನು ಬಿಡಿಸಿಕೊಳ್ಳುವುದಕ್ಕೂ ಇಂಗ್ಲಿಷರು ಹಿಂದೆ ಇದೇ ಮಾತು ಬಳಸುತ್ತಿದ್ದರಂತೆ ಎಂದೆ. ಅವ್ವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಅವರಾಗೂ ಐತೇನು ಇದು?" ಎಂದಳು. ಐತಿ ಎಂದೆ. "ಅವರು ಮರಿತಿದ್ದಿಲ್ಲೇನು, ಬಿಡಿಸ್ಕಳ್ಳದು?" ಎಂದಳು. ಅದನ್ನು ನಿಘಂಟು ಹೇಳಿರಲಿಲ್ಲ. ಅವ್ವ ತಟ್ಟೆ ಸರಿಸಿ ಕೈ ತೊಳೆದಳು. ಆಮೇಲೆ ಗೋಡೆಗೆ ಒರಗಿ ಕುಳಿತು ಮೆಲ್ಲಗೆ ಹೇಳಿದಳು, "ಎಪ್ಪತ್ತು ಹತ್ರ ಬಂತು ನನಗ. ಮೊನ್ನೆ ಜ್ವರ ಬಂದಾಗ ಅದ ಚಿಂತಿ ಹತ್ತಿತ್ತು. ಒಮ್ಮೆನಾರ ಬಾಯಿ ತುಂಬ ಕರದು ಹೋಗಬೇಕು ನಾನು. ಅದಕ್ಕ ಮೊದಲು ಬಿಡಿಸ್ಕಬೇಕು. ನಡೀರಿ ಹಡಗಲಿಗೆ."

"ಅವ್ವಾ, ಅದೆಲ್ಲ ಹಳೇ ಶಾಸ್ತ್ರ, ಈಗ ಕರೆದ್ರೆ ಏನಾಗುತ್ತೆ, ಕರಿ" ಎಂದೆ. ಓದಿದವನಲ್ಲವೇ, ಹಾಗೆಯೇ ಹೇಳಬೇಕು. "ಮೂರು ಹೋಗ್ಯಾವ ನನ್ನವು" ಎಂದಳು ಅವ್ವ. ಸರೋಜ ಸೆರಗಿನಿಂದ ಕಣ್ಣೊರೆಸಿಕೊಂಡು, ವಾತಾವರಣ ಹಗುರ ಮಾಡಲೆಂದು, "ಹಂಗಾರ ಹತ್ತು ವರ್ಷದಿಂದ ನಾನು ಹಾಲವ್ವನ ಸಾಮಾನಿನ ಜೊತಿ ಸಂಸಾರ ಮಾಡೀನೇನ್ರಿ? ಮೊದಲ ಹೇಳಿದ್ರ ರಿಪೇರಿಗೆ ಆಕಿ ಕಡಿನ ಕಳಿಸ್ತಿದ್ದೆ" ಎಂದಳು. ಮರುದಿನ ಸೋಮವಾರ ರೇಣುಕಾಳಿಗೆ ಮಾತ್ರ ಇಡೀ ತರಗತಿಯೆದುರು, ಆ ಮಾತು ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಿಲ್ಲವಂತೆ, ನನಗೂ ಗೊತ್ತಿಲ್ಲ ಎಂದು ಹೇಳಿದೆ. "ಅಷ್ಟ ಹೇಳಾಕ ಒಂದು ವಾರ ಬೇಕಾತೇನ್ರಿ ಸರ?" ಎಂದು ಅವಳು ಕುಳಿತುಕೊಂಡಳು.

ಮುಂದಿನ ಭಾನುವಾರ ಬೆಳಗ್ಗೆ ನಾವು ಮೂವರೂ ಹೊರಟೆವು. ಅವ್ವ ಹೊಸ ಮೊರ ತರಿಸಿದ್ದಳು, ಚೀಲದಲ್ಲಿ ಎರಡು ಮೊರದಷ್ಟು ನವಣೆ, ಒಂದು ಇಳಕಲ್ಲ ಸೀರೆ, ಕುಪ್ಪಸದ ಖಣ. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಕಂಡಕ್ಟರ್ ಮೊರವನ್ನು ಟಾಪಿಗೆ ಹಾಕಿ ಎಂದ. ಅವ್ವ ಕೇಳಲಿಲ್ಲ. ಅದನ್ನು ಮಡಿಲಲ್ಲಿಟ್ಟುಕೊಂಡು ಎರಡು ಸೀಟಿನ ಜಾಗ ಹಿಡಿದು ಕುಳಿತಳು. ನಾನು ನಿಂತುಕೊಂಡು ಬಂದೆ. ನನ್ನನ್ನು ಕೊಳ್ಳುವುದಕ್ಕೆ ನಾನೇ ಕಾಳಿನ ಚೀಲ ಹೊತ್ತುಕೊಂಡು ಹೋಗುತ್ತಿರುವುದು ನನಗೆ ಆಗಾಗ ನೆನಪಾಗುತ್ತಿತ್ತು.

ಹಾಲವ್ವ ತಮ್ಮನ ಮನೆಯ ಪಡಸಾಲೆಯಲ್ಲಿ ನಾಲ್ಕೈದು ಹೆಂಗಸರ ನಡುವೆ ಮಲ್ಲಿಗೆ ಕಟ್ಟುತ್ತ ಕುಳಿತಿದ್ದಳು. ಎದುರಿಗೆ ಒದ್ದೆ ಬಟ್ಟೆಯ ಮೇಲೆ ಮೊಗ್ಗಿನ ರಾಶಿ. ನನ್ನನ್ನು ಕಂಡದ್ದೇ ಬಾಳೆನಾರು ಕೆಳಗಿಟ್ಟು, "ಬಂತು ನೋಡ್ರೇ ನಮ್ಮ ಹುಡುಗ! ಯಾಕಲೇ ಮಗಾ, ಹಿಂಗ ಸೊರಗಿದಿ?" ಎಂದು ಎರಡೂ ಕೈಯಿಂದ ನನ್ನ ಮುಖ ಸವರಿ ನೆಟಿಗೆ ಮುರಿದಳು. ನಾನು ಆ ವರ್ಷ ಎರಡು ಸಲ ಪ್ಯಾಂಟಿನ ಸೊಂಟ ಬಿಚ್ಚಿಸಿದ್ದೆ. ಅವ್ವ ಆ ಕಡೆ ತಿರುಗಿ ಮೊಗ್ಗಿನ ರಾಶಿ ನೋಡುತ್ತಿದ್ದಳು. ಹಾಲವ್ವ ಎಷ್ಟು ಸಲೀಸಾಗಿ "ಮಗಾ" ಎಂದಳೆಂಬುದನ್ನು ಅವತ್ತು ಮೊದಲ ಸಲ ನಾನು ಅವ್ವನ ಕಿವಿಯಿಂದ ಕೇಳಿಸಿಕೊಂಡೆ.

ಚಹಾ ಆಯಿತು. ಮಂಡಿನೋವಿನ ವಿಚಾರ ಆಯಿತು. ಈ ಸಲ ಮೊಗ್ಗು ಸಣ್ಣವು ಎಂಬುದಾಯಿತು. ಮೊರವನ್ನು ಕಂಡ ಹಾಲವ್ವ, "ಇದೇನು, ರಾಶಿ ಮಾಡಾಕ ಬಂದೀರೇನು?" ಎಂದು ನಕ್ಕಳು. ಅವ್ವ ಒಮ್ಮೆ ಕೆಮ್ಮಿದಳು. "ಹಾಲವ್ವಾ, ನಮ್ಮದೊಂದು ಸಾಮಾನು ನಿನ್ನ ಹತ್ರ ಉಳದೈತಿ."

"ಯಾವುದು? ಹಿತ್ತಾಳಿ ತಂಬಿಗಿ ಏನು? ಅದನ್ನ ಅವಾಗ ಕೊಟ್ಟೀನಲ್ಲವ್ವಾ."

ಅವ್ವ ಗದ್ದದಿಂದ ನನ್ನ ಕಡೆ ತೋರಿಸಿದಳು. ಹಾಲವ್ವ ಮತ್ತೆ ನಾರು ಕೈಗೆತ್ತಿಕೊಂಡಳು. ಉಳಿದ ಹೆಂಗಸರಿಗೂ ವಿಷಯ ತಿಳಿಯಿತು. ಹಾಲವ್ವ ಮೊಗ್ಗುಗಳನ್ನು ಜೋಡಿಸುತ್ತ, ತಲೆ ಎತ್ತದೆ, "ಕೊಡಂಗಿಲ್ಲ" ಎಂದಳು.

"ಒಂದು ಮೊರ ಕೊಟ್ಟಿದ್ದಿ. ನಾನು ಎರಡು ಮೊರ ತಂದೀನಿ."

"ನಾನು ಕೊಂಡಾಗ ಬೆಕ್ಕಿನ ಮರಿ ಇದ್ದಂಗ ಇತ್ತು. ಅಳಾಕೂ ತ್ರಾಣ ಇದ್ದಿಲ್ಲ. ಈಗ ಬಿಯೆ ಬಿಯೆಡ್ ಆಗೈತಿ, ಇಂಗ್ಲೀಷ್ ಕಲಸ್ತೈತಿ. ಅಂಥಾದ್ದನ್ನ ನವಣಿಗೆ ಕೇಳಾಕ ಬಂದಿಯಲ್ಲ, ನಿನ್ನ ಮಾರಿಗೆ ನಾಚಿಕಿ ಬ್ಯಾಡೇನು?"

ಅವ್ವ ಸಂತೆಯಲ್ಲಿ ಪಳಗಿದವಳು. ಮಾರುವವರು ಸಾಮಾನನ್ನು ಹೊಗಳಿದರೆ ಕೊಳ್ಳುವವರು ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. "ಏನು ಬಿಯೆಡ್ ತಗೀ!" ಎಂದು ಶುರು ಮಾಡಿದಳು. "ಗ್ವಾಡಿಗೆ ಒಂದು ಮೊಳಿ ಹೊಡಿಯಾಕ ಬರಂಗಿಲ್ಲ. ಸಂತಿಗೆ ಕಳಿಸಿದ್ರ ಹುಳಕ ಬದನಿಕಾಯಿ ಆರಿಸಿಕಂಡು ಬರ್ತಾನ. ತಲಿ ಮ್ಯಾಲೆ ನೋಡು, ಅರ್ಧ ಕೂದಲ ಹೋಗ್ಯಾವ. ಎಡಗಿವಿ ಮಂದ ಐತಿ. ಗೊರಕಿ ಹೊಡದ್ರ ಆಚಿ ಮನಿಯವರು ಎದ್ದು ಕೂಡ್ತಾರ."

"ಗೊರಕಿ ಮಾತು ಖರೇ ಐತ್ರಿ" ಎಂದು ಸರೋಜ ಸಾಕ್ಷಿ ಹೇಳಿದಳು. ಅದುವರೆಗೆ ನನ್ನ ಪಕ್ಷದಲ್ಲಿ ಒಬ್ಬರಾದರೂ ಇದ್ದಾರೆಂದು ನಾನು ನಂಬಿದ್ದೆ.

"ಗೊರಕಿ ಹೊಡದ್ರ ಏನಾತು? ಗಂಡಸು, ಹೊಡಿತಾನ" ಎಂದಳು ಹಾಲವ್ವ. "ನಮ್ಮ ಹುಡುಗನ ಗುಣ ನೋಡು. ಒಂದು ಎದುರು ಮಾತು ಆಡ್ಯಾನೇನು ಇವತ್ತಿನ ತನಕ?" ನಾನು ಆಡಲು ಬಾಯಿ ತೆರೆದಿದ್ದೆ, ಮುಚ್ಚಿದೆ. ಇಬ್ಬರೂ ನನ್ನನ್ನು ಹೀಗೆ ಎತ್ತಿ ಇಳಿಸಿ ಮಾಡುತ್ತಿರುವಾಗ ಮೂಲೆಯಲ್ಲಿದ್ದ ಒಬ್ಬ ಹೆಂಗಸು ಮುಂದೆ ಬಗ್ಗಿ ನನ್ನ ತಲೆಯ ಮೇಲ್ಭಾಗವನ್ನು ಕುತೂಹಲದಿಂದ ಪರೀಕ್ಷಿಸಿದಳು. ನಾನು ಮೂವತ್ತಾರು ವರ್ಷದ ಸರ್ಕಾರಿ ನೌಕರ. ಕೊಳ್ಳುವವರಿಗೂ ಮಾರುವವರಿಗೂ ಮಾತಿನ ಹಕ್ಕಿದೆ, ಸಾಮಾನಿಗೆ ಇಲ್ಲವೆಂಬುದು ನನಗೆ ಅವತ್ತು ಚೆನ್ನಾಗಿ ತಿಳಿಯಿತು.

ಕೊನೆಗೆ ಹಾಲವ್ವ ನಾರಿನ ಗಂಟು ಹಲ್ಲಿನಿಂದ ಕಡಿದು, "ಅಲ್ಲವ್ವಾ, ಮೊಳಿ ಹೊಡಿಯಾಕ ಬರಂಗಿಲ್ಲ, ಕಿವಿ ಕೇಳಂಗಿಲ್ಲ, ಕೂದಲಿಲ್ಲ. ಇಂಥಾದ್ದು ನಿನಗ ಯಾಕ ಬೇಕು? ನನ್ನ ಹತ್ರನ ಬಿದ್ದಿರಲಿ ಬಿಡು" ಎಂದಳು.

ಅವ್ವ ಸಿಕ್ಕಿಬಿದ್ದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಮೂವತ್ತಾರು ವರ್ಷ ಆತು ಹಾಲವ್ವಾ" ಎಂದಳು, "ನಾನು ಇವನಿಗೆ ಒಮ್ಮೆ ಮಗ ಅಂದಿಲ್ಲ."

"ಒಮ್ಮೆನೂ?"

"ಒಮ್ಮೆನೂ ಇಲ್ಲ. ನಿದ್ದಿ ಹಚ್ಚಿದಾಗ ಸೈತ ಅಂದಿಲ್ಲ. ಹೆದರಿಕಿ. ಬಾಯಿತನಕ ಬರ್ತಿತ್ತು, ನುಂಗತಿದ್ದೆ."

ನನಗೆ ಎಲ್ಲಿ ನೋಡಬೇಕೆಂದು ತಿಳಿಯದೆ ಮೊಗ್ಗಿನ ರಾಶಿಯನ್ನು ನೋಡಿದೆ. ಚಿಕ್ಕವನಾಗಿದ್ದಾಗ ಕಟ್ಟೆಯ ಮೇಲೆ ಕುಳಿತು ಪಟ್ಟ ಹೊಟ್ಟೆಕಿಚ್ಚೆಲ್ಲ ನೆನಪಾಗಿ ನಾಚಿಕೆಯಾಯಿತು. ನಾನು ಕಟ್ಟೆಯ ಮೇಲೆ ಕುಳಿತು ಕಾಯುತ್ತಿದ್ದಾಗ ಅವ್ವ ಒಳಗೆ ಒಲೆಯ ಮುಂದೆ ಕುಳಿತು ಅದೇ ಮಾತನ್ನು ನುಂಗುತ್ತಿದ್ದಳು. "ನನಗ ಖಬರ ಇದ್ದಿಲ್ಲವ್ವಾ" ಎಂದಳು ಹಾಲವ್ವ. "ನಾನು ದಿನಾ ಅಂದೀನಿ. ಇಲ್ಲಿ ಇರಲಿಲ್ಲಂದ್ರೂ ಅಂದೀನಿ. ಹೂ ಕಟ್ಟುವಾಗ, ನನ್ನ ಮಗ ಈಗ ಸಾಲಿಗೆ ಹೋಗಿರ್ತಾನ, ನನ್ನ ಮಗ ಈಗ ಉಣ್ತಿರ್ತಾನ ಅಂತ ಇವರಿಗೆಲ್ಲ ಹೇಳ್ಕೋತ ಕುಂತೀನಿ. ನಿನ್ನ ಪಾಲೂ ನಾನ ಅಂದುಬಿಟ್ಟೆ." ಆಮೇಲೆ ಸೊಂಟ ಹಿಡಿದುಕೊಂಡು ಎದ್ದಳು. "ಒಂದು ಮೊರ ಸಾಕು. ನಾನೇನು ಲಾಭಕ್ಕ ಕೊಂಡಿಲ್ಲ. ಏಳ್ರಿ, ಶಾಸ್ತ್ರ ಮಾಡಿ ಮುಗಸಮು."

ಶಾಸ್ತ್ರದ ಪ್ರಕಾರ ಮಾಲು ಮೊರದಲ್ಲಿರಬೇಕು. ನಾನು ಮೊರದಲ್ಲಿ ಹಿಡಿಸುವುದು ಹೇಗೆಂದು ಹೆಂಗಸರೆಲ್ಲ ಸೇರಿ ಚರ್ಚೆ ಮಾಡಿದರು. ಬರೀ ಹೆಬ್ಬೆರಳು ಇಟ್ಟರೆ ಸಾಕೆಂದು ಒಬ್ಬಳು, ಇಡೀ ಕೂಡಬೇಕೆಂದು ಇನ್ನೊಬ್ಬಳು. ಕೊನೆಗೆ ಅಂಗಳದಲ್ಲಿ ತಿಪ್ಪೆಯ ಪಕ್ಕ ನನ್ನನ್ನು ನೆಲಕ್ಕೆ ಕೂರಿಸಿ, ಎರಡೂ ಪಾದಗಳನ್ನು ಮೊರದಲ್ಲಿ ಇಡಿಸಿದರು. ಇಸ್ತ್ರಿ ಮಾಡಿದ ಪ್ಯಾಂಟು ಮಡಚಿಕೊಂಡು, ಮುಖ ಎಲ್ಲಿಡಬೇಕೋ ತಿಳಿಯದೆ, ನಾನು ಎರಡನೆಯ ಸಲ ತಿಪ್ಪೆಗೆ ಬಂದು ಬಿದ್ದೆ. ಅವ್ವ ಓಣಿಯ ತಿರುವಿನ ತನಕ ಹೋಗಿ, ಏನೂ ಅರಿಯದ ದಾರಿಹೋಕಳಂತೆ ನಡೆದು ಬಂದಳು. ಮಂಡಿನೋವಿನಿಂದ ಅವಳ ನಡಿಗೆ ನಿಧಾನವಾಗಿತ್ತು. ಹತ್ತಿರ ಬಂದು ನಿಂತು, "ಯವ್ವಾ, ಈ ಕೂಸು ಮಾರೋದೈತೇನು?" ಎಂದು ಕೇಳಿದಳು. ಯಾರೂ ನಗಲಿಲ್ಲ. ಹಾಲವ್ವ ನನ್ನ ತಲೆ ಸವರಿ, "ಐತವ್ವಾ" ಎಂದಳು. ನವಣೆಯನ್ನು ಅವಳ ಉಡಿಯಲ್ಲಿ ಸುರಿದರು, ಸೀರೆ ಕೊಟ್ಟರು. ಉಡಿ ಹಿಡಿದುಕೊಂಡು ನಿಂತ ಹಾಲವ್ವ ಸಣ್ಣ ದನಿಯಲ್ಲಿ, "ಇನ್ನ ಮ್ಯಾಲೆ ನಾನು ಇವನ್ನ ಏನಂತ ಕರೀಬೇಕವ್ವಾ?" ಎಂದು ಕೇಳಿದಳು.

ಅವ್ವ ಅವಳ ಸೆರಗು ಸರಿಮಾಡಿ, "ಮಗ ಅಂತನ ಕರಿ. ಏನ ಬದಲು ಮಾಡಬ್ಯಾಡ. ನನಗೂ ಒಂದು ಪಾಲು ಬೇಕಾಗಿತ್ತು, ಅಷ್ಟ" ಎಂದಳು. ಇಬ್ಬರು ಮುದುಕಿಯರೂ ಅಂಗಳದಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಆ ಅಳುವಿನ ನಡುವೆ ಮೊರದಿಂದ ಕಾಲು ತೆಗೆಯಲು ನನಗೆ ಯಾರೂ ಹೇಳಲಿಲ್ಲ. ನಾನು ಹಾಗೆಯೇ ಕುಳಿತಿದ್ದೆ.

ಹೋಳಿಗೆ ಊಟ ಮಾಡಿಸಿ, ಸರೋಜಳ ತಲೆಯಲ್ಲಿ ಹಿಡಿಸದಷ್ಟು ಮಲ್ಲಿಗೆ ಮುಡಿಸಿ ಕಳಿಸಿದಳು ಹಾಲವ್ವ. ಬಸ್ಸಿನಲ್ಲಿ ನಾನು ಅವ್ವನ ಮುಂದಿನ ಸೀಟಿನಲ್ಲಿ ಕುಳಿತೆ. ಇನ್ನು ಕರೆಯುತ್ತಾಳೆ, ಈಗ ಕರೆಯುತ್ತಾಳೆ ಎಂದು ಕಾಯುತ್ತಿದ್ದೆ. ಕಾಯುತ್ತಿಲ್ಲವೆಂಬಂತೆ ಹೊರಗೆ ನೋಡುತ್ತಿದ್ದೆ. ಮಂದವಾದ ಎಡಗಿವಿ ಅವಳ ಕಡೆ ಇತ್ತೆಂದು ಕುತ್ತಿಗೆ ತಿರುಗಿಸಿ ಬಲಗಿವಿಯನ್ನೂ ಕೊಟ್ಟೆ. ಅವ್ವ ಸರೋಜಳೊಂದಿಗೆ ಹೋಳಿಗೆಯ ಹೂರಣದ ಬಗ್ಗೆ ಮಾತಾಡಿದಳು. ಹಗರಿಬೊಮ್ಮನಹಳ್ಳಿ ಸ್ಟ್ಯಾಂಡಿನಲ್ಲಿ ಇಳಿಯುವಾಗ "ಏ ಹಾಲವ್ವನ..." ಎಂದು ಶುರು ಮಾಡಿ, ನಾಲಿಗೆ ಕಚ್ಚಿಕೊಂಡು, ಕೈಸನ್ನೆಯಿಂದ ಚೀಲ ತೋರಿಸಿದಳು. ಬಿಡಿಸಿಕೊಂಡದ್ದೇನೋ ಆಯಿತು, ಇಷ್ಟು ವರ್ಷ ಬಳಸದೆ ಇಟ್ಟ ಮಾತನ್ನು ಹೊರಗೆ ತೆಗೆಯಲು ಅವಳಿಗೆ ನಾಚಿಕೆಯಾಗುತ್ತಿದೆಯೆಂದು ನನಗೆ ಅರ್ಥವಾಯಿತು. ಅರ್ಥವಾಯಿತೆಂದು ಕಾಯುವುದು ನಿಲ್ಲಲಿಲ್ಲ.

ಕೊಟ್ಟೂರಿನ ಬಸ್ಸು ಹತ್ತಿದೆವು. ಊರು ದಾಟಿದ ಮೇಲೆ ತಣ್ಣನೆಯ ಗಾಳಿ ಬೀಸತೊಡಗಿತು. ಅವ್ವ ಸೆರಗನ್ನು ಕಿವಿಗೆ ಸುತ್ತಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನಿಂದ ಅವಳ ಬೆರಳು ನನ್ನ ಭುಜ ಮುಟ್ಟಿತು.

"ಮಗಾ" ಎಂದಳು. "ಆ ಕಿಟಕಿ ಹಾಕು. ಗಾಳಿ ಬರ್ತೈತಿ."

ಆ ಕಿಟಕಿಗೆ ಗಾಜಿರಲಿಲ್ಲ. ಗಾಜು ಹೋಗಿ ಎಷ್ಟು ವರ್ಷವಾಗಿತ್ತೋ, ಬರಿಯ ತುಕ್ಕು ಹಿಡಿದ ಚೌಕಟ್ಟು ಉಳಿದಿತ್ತು. ನನ್ನ ಕಣ್ಣಿಗೆ ಅದೂ ಸರಿಯಾಗಿ ಕಾಣುತ್ತಿರಲಿಲ್ಲ. ಎದ್ದು ನಿಂತು, ಇಲ್ಲದ ಗಾಜನ್ನು ಎರಡೂ ಕೈಯಿಂದ ಬಲವಾಗಿ ಎಳೆದು ಹಾಕಿದೆ. ಪಕ್ಕದ ಸೀಟಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಗಾಳಿ ಮೊದಲಿನಂತೆಯೇ ಬರುತ್ತಿತ್ತು.

"ಹಾಂ, ಈಗ ಸರಿ ಆತು ನೋಡು" ಎಂದಳು ಅವ್ವ.